‘ನೆರಳು’ ಬಂದ ದಾರಿ

ಗೋಡೆಯ ಮೇಲಿನ ಕನ್ನಡಿಗಳಲ್ಲಿ ಒಂದೂ ಉಳಿದಿರಲಿಲ್ಲ.

ಸವಳಂಗದಲ್ಲಿ ಮದುಮಗಳ ಅಲಂಕಾರ ಮುಗಿಸಿ ಬಸ್ಸಿಳಿದು ಬಂದ ಕಾವ್ಯಶ್ರೀಗೆ, ತನ್ನ ಪಾರ್ಲರಿನ ಬಾಗಿಲು ಅರ್ಧ ತೆರೆದಿದ್ದನ್ನು ಬೀದಿಯ ತಿರುವಿನಲ್ಲಿ ಕಂಡಾಗಲೇ ಎಲ್ಲ ಅರ್ಥವಾಗಿತ್ತು. ಬೀಗದ ಕೊಂಡಿ ಮೊಳೆಸಮೇತ ಕಿತ್ತು ನೇತಾಡುತ್ತಿತ್ತು. ಒಳಗೆ ಕಾಲಿಟ್ಟರೆ ಚಪ್ಪಲಿಯಡಿ ಕರಕರ ಸದ್ದು. ತಿರುಗುವ ಕುರ್ಚಿಯ ರೆಕ್ಸಿನ್ ಸೀಳಿತ್ತು. ಕ್ರೀಮಿನ ಡಬ್ಬಿಗಳೆಲ್ಲ ಸಿಂಕಿನಲ್ಲಿ ಮಗುಚಿ ಬಿದ್ದಿದ್ದವು. ಕಳುವಾದದ್ದು ಮಾತ್ರ ಏನೂ ಇಲ್ಲ.

ಅವಳು ಕಿರುಚಲಿಲ್ಲ, ಅಳಲೂ ಇಲ್ಲ. ಹೊಸ್ತಿಲ ಮೇಲೆ ಕುಳಿತು, ಮೇಕಪ್ಪಿನ ಪೆಟ್ಟಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡು, ಪೊಲೀಸರಿಗೆ ಫೋನ್ ಮಾಡಿದಳು.

ಬಂದವರು ಎಎಸ್‌ಐ ಹುಲಿಗೆಮ್ಮ. ಹೆಣ್ಣುಮಕ್ಕಳ ತಕರಾರು ಯಾವುದೇ ಇರಲಿ, ಅದು ಕೊನೆಗೆ ಬಂದು ಬೀಳುವುದು ಅವರ ಮೇಜಿಗೇ. ಗಂಡ ಹೊಡೆದ, ಮೈದುನ ಬೈದ, ಯಾರೋ ಹಿಂಬಾಲಿಸಿದ — ಕೇಳಿ ಕೇಳಿ ಕಿವಿ ದಣಿದಿತ್ತು. ಮಂಡಿನೋವು ಬೇರೆ. ಮೂರು ಮೆಟ್ಟಿಲು ಹತ್ತಿ ಒಳಗೆ ಬರುವಷ್ಟರಲ್ಲಿ ಏದುಸಿರು ಬಿಟ್ಟರು. ಹಿಂದೆ ಹೆಡ್ ಕಾನ್‌ಸ್ಟೇಬಲ್ ತಿಪ್ಪೇಶಪ್ಪ.

“ಯಾರ ಮೇಲಾದ್ರೂ ಅನುಮಾನ ಐತೇನಮ್ಮ?”

“ಯಾರ ಮೇಲೆ ಅಂತ ಹೇಳ್ಲಿ ಮೇಡಂ? ಇದು ಮೊದಲ್ನೇ ಸಲ ಅಲ್ಲ.”

“ಅಂದ್ರೆ?”

“ಹೊನ್ನಾಳೀಲಿ ಬೋರ್ಡಿಗೆ ಟಾರು ಬಳಿದ್ರು. ಜಗಳೂರಿಗೆ ಹೋದೆ. ಅಲ್ಲಿ ಬೀಗದ ತೂತಿಗೆ ಮೇಣದಂಥದ್ದು ಏನೋ ತುಂಬಿದ್ರು, ಮತ್ತೆ ಮತ್ತೆ. ಮಳಿಗೆಯವರು ಬೇಜಾರಾಗಿ ಖಾಲಿ ಮಾಡು ಅಂದ್ರು. ಈಗ ಇಲ್ಲಿ.”

“ಊರೂರು ಯಾಕೆ ತಿರುಗ್ತಿದೀಯ?”

ಕಾವ್ಯಶ್ರೀ ತಲೆ ಎತ್ತಿ ನೋಡಿದಳು. ಉತ್ತರ ಹೇಳಿ ಹೇಳಿ ಸವೆದುಹೋದ ಮುಖ.

“ಗಂಡನ್ನ ಬಿಟ್ಟೀನಿ. ಚನ್ನಗಿರೀಲಿ ಲೆಕ್ಚರರ್ ಅವ್ರು, ರೇಣುಕಪ್ರಸಾದ್ ಅಂತ. ಪಾರ್ಲರ್ ಕೆಲಸ ಮರ್ಯಾದಸ್ತರಿಗಲ್ಲ, ಬಿಡು ಅಂದ್ರು. ನಾನು ಅವ್ರನ್ನೇ ಬಿಟ್ಟೆ. ಎಲ್ಲಿದೀನಿ ಅಂತ ಯಾರಿಗೂ ಹೇಳಿಲ್ಲ ಮೇಡಂ. ಗಂಡಗೂ ಇಲ್ಲ, ತೌರಿಗೂ ಇಲ್ಲ. ಸಿಮ್ ಬದಲಾಯಿಸಿದೆ. ಫೋನೇ ಬದಲಾಯಿಸಿದೆ. ಆದ್ರೂ ಎಲ್ಲಿಗೆ ಹೋದ್ರೂ ಬರ್ತಾರೆ. ಇವತ್ತು ನಾನು ಸವಳಂಗಕ್ಕೆ ಹೋಗೋದು ಯಾರಿಗೆ ಗೊತ್ತಿತ್ತು? ಮದುವೆ ಮನೆಯೋರಿಗೆ ಬಿಟ್ರೆ ಯಾರಿಗೂ ಇಲ್ಲ!”

ಹುಲಿಗೆಮ್ಮ ಹೊರಗೆ ಬಂದರು. ಪಕ್ಕದ್ದು ಹಿಟ್ಟಿನ ಗಿರಣಿ. ಬೆಲ್ಟಿನ ಸದ್ದಿಗೆ ಗೋಡೆಯೇ ನಡುಗುತ್ತಿತ್ತು. ಈ ಸದ್ದಿನಲ್ಲಿ ಕನ್ನಡಿ ಒಡೆದರೆ ಯಾರಿಗೆ ಕೇಳೀತು? ಗಿರಣಿಯ ಒಡತಿ ಉಡಚಮ್ಮ ಹಿಟ್ಟು ಮೆತ್ತಿದ ಮುಖದಲ್ಲೇ ಎದ್ದು ಬಂದರು.

“ಉಡಚಮ್ಮ, ಬೆಳಗ್ಗೆಯಿಂದ ಯಾವನಾದ್ರೂ ಈ ಕಡೆ ಸುಳಿದಾಡಿದ್ನಾ?”

“ಇಲ್ಲ ತಾಯಿ. ನಾ ಬಾಗಿಲಲ್ಲೇ ಕೂತಿದ್ದೆ. ಇಲ್ಲಿಗೆ ಮೆಟ್ಲಷ್ಟೇ ಕಾಣೋದು. ಒಬ್ಬ ಗಂಡಸೂ ಆ ಮೆಟ್ಲು ಹತ್ತಿಲ್ಲ. ಆಣೆ ಬೇಕಾದ್ರೂ ಇಡ್ತೀನಿ.”

“ಸರಿಯಾಗಿ ನೋಡಿದ್ಯಾ?”

“ಹಾಡುಹಗಲು, ಕಾಣಂಗಿಲ್ವಾ? ಗಂಡಸು ಬಂದಿದ್ರೆ ನಾನೇ ಕೇಳ್ತಿದ್ದೆ — ಏನಪ್ಪಾ, ಲೇಡೀಸ್ ಪಾರ್ಲರಲ್ಲಿ ನಿನಗೇನು ಕೆಲಸ ಅಂತ.”

ಹಾಗಾದರೆ ಬಂದವನು ಗಾಳಿಯೆ?

ಠಾಣೆಗೆ ಬಂದ ಮೇಲೆ ತಿಪ್ಪೇಶಪ್ಪ ಕಾವ್ಯಶ್ರೀಯ ಫೋನನ್ನು ಕೇಳಿ ತೆಗೆದುಕೊಂಡ. ಆಪ್‌ಗಳ ಸಾಲನ್ನು ಒಂದೊಂದಾಗಿ ನೋಡುತ್ತ ಹೋದವನು ತಟ್ಟನೆ ನಿಂತ.

“ಮೇಡಂ, ಇದೇನಿದು — ‘ನೆರಳು’?”

ಬೂದು ಬಣ್ಣದ ಸಣ್ಣ ಕೊಡೆಯ ಚಿತ್ರ. ತೆರೆದರೆ ಏನೂ ಕಾಣದು, ‘ರಕ್ಷಣೆ ಚಾಲನೆಯಲ್ಲಿದೆ’ ಎಂಬ ಒಂದು ಸಾಲಿನ ಹೊರತು. ಅದಕ್ಕೆ ಕೊಟ್ಟಿರುವ ಅನುಮತಿಗಳನ್ನು ನೋಡಿದರೆ — ಫೋನ್ ಇರುವ ಜಾಗ, ಕರೆಗಳು, ಕ್ಯಾಲೆಂಡರ್, ಎಲ್ಲವೂ.

“ನೀನು ಹಾಕ್ಕೊಂಡಿದ್ದಾ ಇದನ್ನ?” ಹುಲಿಗೆಮ್ಮ ಕೇಳಿದರು.

“ಇಲ್ಲ ಮೇಡಂ. ಫೋನಿನ ಜೊತೇಲೇ ಬಂದಿದ್ದು ಅಂದ್ಕೊಂಡಿದ್ದೆ. ಫೋನ್ ತಗೊಂಡಾಗ ಒಂದಾದ ಮೇಲೆ ಒಂದು ‘ಅನುಮತಿ ಕೊಡಿ, ಅನುಮತಿ ಕೊಡಿ’ ಅಂತ ಕೇಳ್ತಿತ್ತು. ಎಲ್ಲದಕ್ಕೂ ಓಕೆ ಒತ್ತಿದೆ. ಯಾರು ಓದ್ತಾರೆ ಅದನ್ನೆಲ್ಲ?”

ಹುಲಿಗೆಮ್ಮನೂ ಓದುತ್ತಿರಲಿಲ್ಲ.

“ಮದುವೆ ಮೇಕಪ್ಪಿನ ತಾರೀಖೆಲ್ಲ ಫೋನಲ್ಲೇ ಬರ್ಕೊಂತೀಯಾ?”

“ಹೂಂ. ಕ್ಯಾಲೆಂಡರಲ್ಲಿ. ಊರು, ಟೈಮು ಎಲ್ಲ.”

“ಫೋನ್ ಎಲ್ಲಿ ತಗೊಂಡೆ?”

“ಹೊನ್ನಾಳೀಲಿ. ಜಾವೀದ್ ಅಂತ, ಮೊಬೈಲ್ ಅಂಗಡಿ. ಸೆಕೆಂಡ್ ಹ್ಯಾಂಡು. ಅವನೇ ಹಳೇ ಫೋನಿಂದ ಎಲ್ಲಾ ಇದಕ್ಕೆ ಹಾಕಿಕೊಟ್ಟ.”

ತಿಪ್ಪೇಶಪ್ಪ ಆಗಲೇ ಸೆಟ್ಟಿಂಗ್‌ನ ಇನ್ನೊಂದು ಪುಟ ತೆರೆದಿದ್ದ. ಅವನ ಮುಖ ಬೆಳಗಿತು. “ನೋಡ್ರಿ ಮೇಡಂ! ಆಪ್ ಇಳಿಸೋ ಕಂಪನಿ ಸ್ಟೋರಲ್ಲದೆ ಹೊರಗಿನ ಸ್ಟೋರೊಂದನ್ನ ಕೂರಿಸ್ಯಾನೆ. ‘ಅಪರಿಚಿತ ಆಪ್ ಅಳವಡಿಸಲು ಅನುಮತಿ’ — ಆನ್! ಕದ್ದು ನೋಡೋ ಆಪ್‌ಗಳೆಲ್ಲ ಇಂಥಾ ಕಡೆಯಿಂದಲೇ ಬರೋದು. ಬೇರೆ ಹುಡುಕಾದೇ ಬೇಡ.”

ಸಂಜೆಯೊಳಗೆ ಜಾವೀದ್ ಠಾಣೆಯ ಬೆಂಚಿನ ಮೇಲಿದ್ದ. ಸಣಕಲು ಆಳು, ಬೆರಳ ತುದಿಗೆ ಬೆಸುಗೆಯ ಕಲೆ. ಅಂಗಡಿ ಬಾಗಿಲು ಹಾಕಿಸಿ ಕರೆತಂದಿದ್ದರಿಂದ ಆಗಲೇ ಬಜಾರಿನ ತುಂಬ ಸುದ್ದಿ ಹಬ್ಬಿತ್ತು — ಜಾವೀದ್ ಹೆಣ್ಣುಮಕ್ಕಳ ಫೋನಿಗೆ ಏನೋ ಹಾಕ್ತಾನಂತೆ.

“ಹೊರಗಿನ ಸ್ಟೋರ್ ಹಾಕಿದ್ದು ನೀನೇನಾ?”

“ನಾನೇ ಮೇಡಂ. ಸುಳ್ಳು ಯಾಕೆ ಹೇಳ್ಲಿ?”

“ಯಾಕೆ ಹಾಕ್ದೆ?”

“ಫೋನ್ ಹಳೇದು. ಮೇಕಪ್ ಫೋಟೋ ತಿದ್ದೋ ಆಪ್ ಬೇಕು ಅಂದ್ರು. ಕಂಪನಿ ಸ್ಟೋರಲ್ಲಿ ಇರೋದು ಈ ಫೋನಿಗೆ ಕೂರಂಗಿಲ್ಲ. ಕೂತ್ರೂ ಬರೀ ಜಾಹೀರಾತು. ಆ ಸ್ಟೋರಲ್ಲಿ ಹಳೇ ಫೋನಿಗೂ ಆಗೋದು ಪುಕ್ಕಟೆ ಸಿಗ್ತೈತೆ. ಹೆಸರು ಕೇಳಲ್ಲ, ನಂಬರ್ ಕೇಳಲ್ಲ. ಬಡವರ ಫೋನಿಗೆಲ್ಲ ಅದನ್ನೇ ಹಾಕಿಕೊಡ್ತೀನಿ.”

“ಹೊರಗಿನ ಸ್ಟೋರಿಂದ ಕಳ್ಳ ಆಪ್ ಬರಲ್ವಾ?”

“ಬರ್ತಾವೆ. ಕೆಟ್ಟ ಸ್ಟೋರುಗಳೂ ಅದಾವೆ. ಇಲ್ಲ ಅನ್ನಂಗಿಲ್ಲ.”

“ಮತ್ತೆ ಈ ‘ನೆರಳು’?”

“ಖುದಾ ಕಸಮ್ ನಾ ಹಾಕಿಲ್ಲ.” ಅವನು ಬೆಂಚಿನಿಂದ ಎದ್ದು ನಿಂತ. “ಮೇಡಂ, ನಾಳೆ ಅಂಗಡಿ ತೆಗೆದ್ರೂ ಯಾವ ಹೆಣ್ಣುಮಗಳು ನನ್ನ ಕೈಗೆ ಫೋನ್ ಕೊಡ್ತಾಳೆ?”

ಹುಲಿಗೆಮ್ಮ ಅವನ ವಿಳಾಸ ಬರೆದುಕೊಂಡರು. ಅವನನ್ನು ಮನೆಗೆ ಕಳಿಸಿದರು. ತಿಪ್ಪೇಶಪ್ಪನಿಗೆ ಸಿಟ್ಟು ಬಂತು. “ಬಿಟ್ರೆ ಸಾಕ್ಷಿ ಅಳಿಸ್ತಾನೆ ಮೇಡಂ!”

“ಫೋನ್ ನಮ್ಮ ಹತ್ರ ಐತಲ್ಲೋ.” ಅವರು ಕುರ್ಚಿಗೆ ಒರಗಿದರು. “ಅವನಿಗೇನು ಲಾಭ ಹೇಳು? ಜಗಳೂರಿಗೆ ಹೋಗಿ ಬೀಗಕ್ಕೆ ಮೇಣ ತುಂಬಿ ಬರಾಕೆ ಅವನಿಗೆ ಹುಚ್ಚಾ?”

“ಗಂಡನೇ ಅವನ ಕೈಲಿ ಮಾಡಿಸಿರಬೇಕು.”

ಅದು ಸಾಧ್ಯವಿತ್ತು. ಆದ್ದರಿಂದ ಮರುದಿನ ಹುಲಿಗೆಮ್ಮ ಚನ್ನಗಿರಿಯ ಬಸ್ ಹತ್ತಿದರು.

ರೇಣುಕಪ್ರಸಾದ್ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಸಿಕ್ಕ. ಇಸ್ತ್ರಿ ಮಾಡಿದ ಅಂಗಿ, ಮೆಲುದನಿ.

“ನಿನ್ನೆ ಬೆಳಗ್ಗೆ ಎಲ್ಲಿದ್ರಿ?”

“ಪರೀಕ್ಷೆ ಕೊಠಡೀಲಿ. ಮೇಲ್ವಿಚಾರಣೆ. ಇಡೀ ಕಾಲೇಜು ನೋಡಿದೆ.”

“ಬೇರೆಯವರನ್ನ ಕಳಿಸಬಹುದಲ್ಲ?”

ಅವನು ನಕ್ಕ, ಬೇಸರದ ನಗೆ. “ಯಾಕೆ ಕಳಿಸ್ಲಿ ಮೇಡಂ? ಅವಳು ವಾಪಸ್ ಬರಲಿ ಅಂತಾನಾ? ನನಗೆ ಬೇಡ. ವಿಚ್ಛೇದನಕ್ಕೆ ಒಪ್ಪಿ ಸಹಿ ಹಾಕಿದೀನಿ. ನಮ್ಮ ವಕೀಲರನ್ನ ಕೇಳ್ರಿ. ಅವಳು ಎಲ್ಲಿ ಅಂಗಡಿ ಇಟ್ರೂ ನನಗೆ ಸಂಬಂಧ ಇಲ್ಲ. ಅವಳು ವಾಪಸ್ ಬರ್ಲಿ ಅಂತ ಅಳೋರು ಅವರ ತೌರಿನೋರು.”

ವಕೀಲರೂ ಅದನ್ನೇ ಹೇಳಿದರು. ಪರೀಕ್ಷೆಯ ವಿಚಾರವೂ ನಿಜವಿತ್ತು. ಹುಲಿಗೆಮ್ಮನಿಗೆ ಸಿಟ್ಟಿಗಿಂತ ಆಯಾಸವೇ ಹೆಚ್ಚಾಯಿತು. ಇಷ್ಟು ಸುಲಭವಾಗಿ ಒಬ್ಬ ಮನುಷ್ಯ ಇನ್ನೊಬ್ಬರನ್ನು ಒರೆಸಿಹಾಕಬಹುದೆ?

ತೌರಿನವರು ಇರುವುದು ಕೆರೆಬಿಳಚಿಯಲ್ಲಿ. ತಂಗಿ ವಿಜಯಶ್ರೀ ಮಾತ್ರ ದಿನವೂ ಚನ್ನಗಿರಿಗೆ ಬಂದು ಒಂದು ಆನ್‌ಲೈನ್ ಸೆಂಟರಿನಲ್ಲಿ ಕೆಲಸ ಮಾಡುತ್ತಾಳೆಂದು ಕಾವ್ಯಶ್ರೀ ಹೇಳಿದ್ದಳು. ಹುಲಿಗೆಮ್ಮ ಅಲ್ಲಿಗೆ ಹೋದಾಗ ಆಕೆ ಕಂಪ್ಯೂಟರಿನ ಮುಂದೆ ಕುಳಿತು ಯಾರದೋ ಆಧಾರ್ ತಿದ್ದುಪಡಿ ಮಾಡುತ್ತಿದ್ದಳು. ಅಕ್ಕನದೇ ಮೂಗು, ಅಕ್ಕನದೇ ಹಣೆ. ವಿಷಯ ಕೇಳಿ ಬಾಯಿಗೆ ವೇಲು ಅಡ್ಡ ಹಿಡಿದಳು.

“ಅಕ್ಕನಿಗೆ ಏನೂ ಆಗಿಲ್ಲ ತಾನೇ?”

“ಇಲ್ಲ. ಅವಳು ಅಂಗಡೀಲಿ ಇರಲಿಲ್ಲ. ಅಕ್ಕ ನಿನ್ನ ಜೊತೆ ಮಾತಾಡ್ತಾಳಾ?”

“ಯಾವಾಗಾದ್ರೂ ಒಮ್ಮೆ ಅವಳೇ ಮಾಡ್ತಾಳೆ. ಎಲ್ಲಿದೀಯಾ ಅಂದ್ರೆ ಮಾತು ಬದಲಾಯಿಸ್ತಾಳೆ.” ಕಣ್ಣು ಒರೆಸಿಕೊಂಡಳು. “ಮೇಡಂ, ಅವಳಿಗೆ ಬುದ್ಧಿ ಹೇಳ್ರಿ. ಮನೆಗೆ ಬರಾಕೆ ಹೇಳ್ರಿ. ಒಬ್ಬಳೇ ಹಿಂಗೆ ಎಷ್ಟು ದಿನ?”

“ನಿನಗೆ ಮದುವೆ ಆಗೇತಾ?”

“ಇಲ್ಲ.” ಹೇಳಿದವಳು ಕಣ್ಣು ತಪ್ಪಿಸಿ ಕಂಪ್ಯೂಟರಿನ ಕಡೆ ತಿರುಗಿದಳು.

“ನಾಳೆ ಠಾಣೆಗೆ ಬಾ. ಅಕ್ಕನ್ನ ಕರೆಸ್ತೀನಿ. ನೀನೇ ಹೇಳು.”

ವಾಪಸು ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಹುಲಿಗೆಮ್ಮ ತೂಕಡಿಸುತ್ತಿದ್ದರು. ಕೈಯಲ್ಲಿದ್ದ ಫೋನು ಟಿಂಗ್ ಎಂದಿತು — ‘ಬಿ.ಪಿ. ಮಾತ್ರೆ ತಗೊಳ್ಳಿ’. ಶಿವಮೊಗ್ಗದ ಮಗಳ ಉಪದ್ರವ ಇದು. ಒಂದು ದಿನ ಮಾತ್ರೆ ಮರೆತರೆಂದು ಅಲ್ಲಿಂದಲೇ ಈ ಆಪ್ ಕಳಿಸಿ, ‘ಎಲ್ಲದಕ್ಕೂ ಓಕೆ ಒತ್ತಮ್ಮ’ ಎಂದಿದ್ದಳು.

ಅಲ್ಲಿಂದಲೇ ಕಳಿಸಿದ್ದಳು!

ಹುಲಿಗೆಮ್ಮ ನೆಟ್ಟಗೆ ಕುಳಿತರು. ಮಗಳು ಈ ಫೋನನ್ನು ಮುಟ್ಟಿಯೂ ಇರಲಿಲ್ಲ. ಮತ್ತೆ ಹೇಗೆ ಬಂತು? ಬಸ್ಸಿನಲ್ಲೇ ಮಗಳಿಗೆ ಫೋನ್ ಮಾಡಿದರು.

“ಆ ಆಪ್ ಹೆಂಗೆ ಕಳಿಸಿದ್ಯೇ?”

“ನಿನ್ನ ಫೋನಿನ ಸ್ಟೋರಿಗೆ ಹಾಕಿರೋ ಅಕೌಂಟ್ ನಂದೇ ಅಲ್ವಾ ಅಮ್ಮ. ಅದೇ ಅಕೌಂಟ್‌ನಿಂದ ಕಂಪ್ಯೂಟರಲ್ಲಿ ಸ್ಟೋರ್ ತೆಗೆದು, ನಿನ್ನ ಫೋನ್ ಆರಿಸಿ, ಇನ್‌ಸ್ಟಾಲ್ ಒತ್ತಿದೆ. ಅಲ್ಲಿ ಬಂದು ಕೂತ್ಕೊಂಡ್ತು. ಯಾಕೆ, ಏನಾಯ್ತು?”

“ಏನಿಲ್ಲ. ಮಾತ್ರೆ ತಗೊಂಡೆ,” ಎಂದು ಸುಳ್ಳು ಹೇಳಿ ಹುಲಿಗೆಮ್ಮ ಫೋನಿಟ್ಟರು.

ಠಾಣೆ ತಲುಪಿದವರೇ ಬೀರು ತೆಗೆದು ಕಾವ್ಯಶ್ರೀಯ ಫೋನನ್ನು ಹೊರಗಿಟ್ಟರು. ‘ನೆರಳು’ ಆಪ್‌ನ ವಿವರದ ಪುಟ ತೆರೆದರು. ತಿಪ್ಪೇಶಪ್ಪ ಅನುಮತಿಗಳ ತನಕ ನೋಡಿ ನಿಲ್ಲಿಸಿದ್ದ. ಯಾರೂ ಕೆಳಕ್ಕೆ ಸರಿಸಿರಲಿಲ್ಲ. ಹುಲಿಗೆಮ್ಮ ಸರಿಸಿದರು. ತೀರಾ ಕೆಳಗೆ, ಸಣ್ಣ ಅಕ್ಷರದಲ್ಲಿ, ಆಪ್ ಎಲ್ಲಿಂದ ಬಂತು ಎಂದು ಬರೆದಿತ್ತು.

ಅದನ್ನು ಓದಿ, ಫೋನಿನ ಕಂಪನಿ ಸ್ಟೋರನ್ನು ತೆರೆದರು. ಮೇಲಿನ ಮೂಲೆಯಲ್ಲಿ ಹಸಿರು ಬಿಂದಿಯಷ್ಟು ವೃತ್ತ. ಅದರೊಳಗೆ ಅಕೌಂಟಿನವರ ಹೆಸರಿನ ಮೊದಲ ಇಂಗ್ಲಿಷ್ ಅಕ್ಷರ. ‘ಕೆ’ ಇರಬೇಕಿತ್ತು. ಇದ್ದದ್ದು ‘ವಿ’.

ಹುಲಿಗೆಮ್ಮ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದರು. ಪತ್ತೆಯಾಯಿತು ಎಂಬ ಸಂತೋಷ ಎಲ್ಲಿಂದಲೂ ಬರಲಿಲ್ಲ.

ಮರುದಿನ ಹತ್ತಕ್ಕೆಲ್ಲ ಎಲ್ಲರೂ ಬಂದರು. ಜಾವೀದ್ ಬಾಗಿಲ ಬಳಿ ನಿಂತ. ವಿಜಯಶ್ರೀ ಊಟದ ಡಬ್ಬಿ ತಂದಿದ್ದಳು. ಅಕ್ಕನನ್ನು ಕಂಡವಳೇ ತಬ್ಬಿಕೊಂಡು ಅತ್ತಳು. ಕಾವ್ಯಶ್ರೀಯೂ ಆಗಲೇ ಮೊದಲ ಸಲ ಅತ್ತದ್ದು. ಉಡಚಮ್ಮ ಗಿರಣಿ ನಿಲ್ಲಿಸಿ ಬಂದದ್ದಕ್ಕೆ ಗೊಣಗುತ್ತ ಮೂಲೆಯಲ್ಲಿ ಕುಳಿತರು.

“ಜಾವೀದ್,” ಹುಲಿಗೆಮ್ಮ ಶುರುಮಾಡಿದರು, “ನೀನು ಹಾಕಿದ ಹೊರಗಿನ ಸ್ಟೋರಿಂದ ದೂರದಲ್ಲಿ ಕೂತು ಈ ಫೋನಿಗೆ ಆಪ್ ಕಳಿಸಬಹುದಾ?”

“ಆಗಲ್ಲ ಮೇಡಂ. ಫೋನ್ ಕೈಲಿ ಹಿಡಿದು ಒತ್ತಬೇಕು. ಅಲ್ಲಿ ಅಕೌಂಟೇ ಇಲ್ಲ.”

“ಕಂಪನಿ ಸ್ಟೋರಿಂದ?”

“ಅಕೌಂಟ್ ಇದ್ದೋರು ಎಲ್ಲಿಂದಾದ್ರೂ ಕಳಿಸಬಹುದು.” ಹೇಳಿದವನೇ ಅವನು ಬೆಚ್ಚಿದ. “ಅಂದ್ರೆ —”

“ತಿಪ್ಪೇಶಿ, ಇದನ್ನ ಜೋರಾಗಿ ಓದು.”

ತಿಪ್ಪೇಶಪ್ಪ ಫೋನ್ ಹಿಡಿದು ಪುಟದ ಕೊನೆಯ ಸಾಲು ಓದಿದ. ದನಿ ನಡುವೆಯೇ ಇಳಿಯಿತು. “‘ನೆರಳು’... ಕಂಪನಿ ಸ್ಟೋರಿನಿಂದ ಅಳವಡಿಸಲಾಗಿದೆ.”

“ಮಕ್ಕಳ ಮೇಲೆ ಕಣ್ಣಿಡಾಕೆ ತಂದೆ-ತಾಯಿ ಹಾಕ್ಕೊಳ್ಳೋ ಆಪ್ ಇದು. ಕಳ್ಳ ಮಾಲಲ್ಲ. ರಾಜಾರೋಷವಾಗಿ ದೊಡ್ಡ ಅಂಗಡೀಲೇ ಸಿಗ್ತೈತೆ,” ಎಂದರು ಹುಲಿಗೆಮ್ಮ. “ಹೊರಗಿನ ಸ್ಟೋರ್ ಕಂಡ ಕೂಡಲೇ ನಾವೆಲ್ಲ ಕಳ್ಳ ಸಿಕ್ಕ ಅಂದ್ಕೊಂಡ್ವಿ. ಆಪ್ ಯಾವ ಬಾಗಿಲಿಂದ ಬಂತು ಅಂತ ಯಾರೂ ನೋಡ್ಲಿಲ್ಲ. ಕಾವ್ಯ, ನಿನ್ನ ಸ್ಟೋರಿನ ಅಕೌಂಟ್ ಯಾರ ಹೆಸರಲ್ಲಿ ಐತೆ?”

“ನಂದೇ... ಮೊದಲಿಂದ ಇರೋದು.” ಕಾವ್ಯಶ್ರೀ ತಡವರಿಸಿದಳು. “ಮನೇಲಿ ಇಬ್ರಿಗೂ ಒಂದೇ ಫೋನ್ ಇದ್ದಾಗ ಮಾಡಿದ್ದು. ನನಗೆ ಬರ್ತಿರಲಿಲ್ಲ. ಅವಳು ಮಾಡಿದ್ಲು.”

“ಯಾರು?”

ಕಾವ್ಯಶ್ರೀ ನಿಧಾನವಾಗಿ ಪಕ್ಕಕ್ಕೆ ತಿರುಗಿದಳು.

“ಹೊನ್ನಾಳೀಲಿ ನಿನಗೆ ಹೊಸ ಫೋನ್ ಬಂದಾಗ ಹಳೇ ಅಕೌಂಟೇ ಹಾಕಿಸಿದೆ. ಅದು ಚನ್ನಗಿರಿಯ ಕಂಪ್ಯೂಟರಲ್ಲಿ ಕಾಣ್ತು — ಅಕ್ಕ ಹೊಸ ಫೋನ್ ತಗೊಂಡ್ಲು ಅಂತ. ಅಲ್ಲಿಂದ ‘ನೆರಳು’ ಬಂತು. ಬೇರೆ ಆಪ್‌ಗಳ ಜೊತೆ ಅದೂ ಅನುಮತಿ ಕೇಳ್ತು. ನೀನು ಕೊಟ್ಟೆ.” ಹುಲಿಗೆಮ್ಮ ಮೂಲೆಯ ಕಡೆ ನೋಡಿದರು. “ಉಡಚಮ್ಮ, ಮೊನ್ನೆ ಗಂಡಸರು ಯಾರೂ ಬರಲಿಲ್ಲ ಅಂದೆ. ಹೆಂಗಸರು?”

“ಹೆಂಗಸರು ಬರ್ದೇ ಇರ್ತಾರಾ? ಪಾರ್ಲರು ಅದು. ಅಗೋ, ಆ ಹುಡುಗೀನೇ ಬಂದಿದ್ಲಲ್ಲ, ಮುಖಕ್ಕೆ ವೇಲು ಸುತ್ಕೊಂಡು. ಹೋಗುವಾಗ ಬಿಚ್ಚಿ ಬೆವರು ಒರೆಸ್ಕೊಂಡ್ಲು. ಗಿರಾಕಿ ಅಂದ್ಕೊಂಡೆ. ನೀವು ಕೇಳಿದ್ದು ಗಂಡಸರ ವಿಷಯ.”

ಊಟದ ಡಬ್ಬಿ ವಿಜಯಶ್ರೀಯ ಕೈಯಿಂದ ಜಾರಲಿಲ್ಲ. ಅವಳು ಅದನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. ಅಳುವೂ ನಿಂತಿತ್ತು.

“ಹೌದು. ನಾನೇ.”

“ವಿಜೀ...”

“ಏನು ಅಕ್ಕ? ಏನು?” ದನಿ ಒಮ್ಮೆಲೇ ಏರಿತು. “ನೀನು ಹೋದೆ. ಬಿಟ್ಟು ಹೋದೆ. ಅಲ್ಲಿ ಉಳಿದೋಳು ನಾನು. ನನ್ನ ನೋಡಾಕೆ ಬಂದೋರು ಉಪ್ಪಿಟ್ಟಿನ ತಟ್ಟೆ ಕೈಗೆ ತಗೊಳ್ಳೋ ಮುಂಚೆ ಕೇಳೋದು ಒಂದೇ — ದೊಡ್ಡ ಮಗಳು ಎಲ್ಲಿ? ಅವ್ವ ತಲೆ ತಗ್ಗಿಸ್ತಾಳೆ. ಅವ್ರು ಎದ್ದು ಹೋಗ್ತಾರೆ. ಪ್ರತಿ ಸಲ! ಅಂಗಡಿ ನಿಂತ್ರೆ ಎಲ್ಲಿಗೆ ಹೋಗ್ತೀಯಾ? ಮನೆಗೇ ಬರಬೇಕಲ್ಲ ಅಂದ್ಕೊಂಡೆ. ಬೋರ್ಡಿಗೆ ಬಳಿದ್ರೂ ಬರಲಿಲ್ಲ, ಬೀಗಕ್ಕೆ ತುಂಬಿದ್ರೂ ಬರಲಿಲ್ಲ. ಆಚೆ ಮೊನ್ನೆ ಇನ್ನೊಬ್ರು ಬಂದು ಹೋದ್ರು. ಮಾರನೇ ದಿನವೇ ಬಸ್ ಹತ್ತಿದೆ. ಒಳಗೆ ಹೋದೆ. ಎಲ್ಲ ಕನ್ನಡೀಲೂ ನಾನೇ ಕಾಣ್ತಿದ್ದೆ.”

ಹೊರಗೆ ಬಸ್ಸೊಂದು ಹಾರನ್ ಹೊಡೆದು ಹೋಯಿತು.

ಹುಲಿಗೆಮ್ಮ ಜಾವೀದನ ಕಡೆ ತಿರುಗಿದರು. “ನಿನ್ನದೇನೂ ತಪ್ಪಿಲ್ಲ. ಹೋಗಪ್ಪ.”

“ಇಲ್ಲಿ ನೀವು ಹೇಳಿದ್ರಿ. ಹೊನ್ನಾಳಿ ಬಜಾರಲ್ಲಿ ಯಾರು ಹೇಳ್ತಾರೆ ಮೇಡಂ?” ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ.

“ತಿಪ್ಪೇಶಿ ಹೇಳ್ತಾನೆ. ಕರ್ಕೊಂಡು ಬಂದೋನು ಅವನೇ. ನಿನ್ನ ಜೊತೆ ಬಂದು, ಅಂಗಡಿ ಬಾಗಿಲು ಅವನೇ ತೆಗೀತಾನೆ. ನಾಲ್ಕು ಜನರ ಮುಂದೆ.”

ತಿಪ್ಪೇಶಪ್ಪ ಟೋಪಿ ತೆಗೆದುಕೊಂಡ. ಇಬ್ಬರೂ ಹೋದರು. ಉಡಚಮ್ಮನೂ ಎದ್ದು ಹೋದರು.

ಹುಲಿಗೆಮ್ಮ ಫೋನನ್ನು ಸಾಕ್ಷಿಯ ಕವರಿಗೆ ಹಾಕಿದರು. ಅಕ್ಕ-ತಂಗಿಯರ ಕೇಸು, ಇಂಥವು ಎಷ್ಟೋ ರಾಜಿಯಾಗಿ ಹೋಗುವುದನ್ನು ಕಂಡಿದ್ದರು. ರಾಜಿಯಾದ ಮೇಲೆ ಮತ್ತೆ ಬರುವುದನ್ನೂ ಕಂಡಿದ್ದರು.

“ಹೇಳಮ್ಮ. ದೂರು ಇರಲಾ, ಹಿಂದಕ್ಕೆ ತಗೋತೀಯಾ?”

ಕಾವ್ಯಶ್ರೀ ತಂಗಿಯನ್ನೇ ನೋಡುತ್ತಿದ್ದಳು. “ಹೊನ್ನಾಳೀಲಿ ಎಲ್ಲಿದೀನಿ ಗೊತ್ತಿತ್ತು ನಿನಗೆ,” ಎಂದಳು. “ಜಗಳೂರಲ್ಲೂ ಗೊತ್ತಿತ್ತು. ಇಲ್ಲಿಯೂ ಗೊತ್ತಿತ್ತು. ನಾನು ದಿನಾ ರಾತ್ರಿ ಚಿಲಕ ಹಾಕ್ಕೊಂಡು ಕೂತಿರ್ತಿದ್ದೆ ವಿಜೀ, ಯಾರು ಬರ್ತಾರೋ ಅಂತ ಹೆದರ್ಕೊಂಡು. ಒಂದೇ ಒಂದು ಸಲ ಬಾಗಿಲು ತಟ್ಟಿ ‘ಅಕ್ಕಾ’ ಅಂದಿದ್ರೆ?”

ವಿಜಯಶ್ರೀ ನೆಲ ನೋಡಿದಳು.

“ಬರ್ಕೊಳ್ರಿ ಮೇಡಂ,” ಎಂದಳು ಕಾವ್ಯಶ್ರೀ. “ಹೆಸರು ನಾನೇ ಹೇಳ್ತೀನಿ.”